ಗಾಜಿನ ಪೆಟ್ಟಿಗೆಯಲ್ಲಿ ನಗುತ್ತಿರುವವರು ನನ್ನ ಗಂಡ

ಚಲನಚಿತ್ರ ಪ್ರಶಸ್ತಿ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಈಗ ಸಂಜೆ ಆರೂವರೆ. ಇವತ್ತು ಹದಿನೆಂಟು ಹೊಸ ಅಂಗಿಗಳನ್ನು ಹಳೆಯದು ಮಾಡಿದೆ. ಮಧ್ಯಾಹ್ನದ ಬಿಡುವಿನಲ್ಲಿ ನಿಮ್ಮ ಕಚೇರಿಗೆ ಬಂದು, ಎರಡನೇ ಮಹಡಿಯ ಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿರುವ ಮುಖ ನನ್ನ ಗಂಡನದು, ದಯವಿಟ್ಟು ವಾಪಸು ಕೊಡಿ ಎಂದು ಕೇಳಿದೆ. ಕೊಡಲಿಲ್ಲ. ಹಿಂದಿರುಗಿ ಬಂದು ಉಳಿದ ಅಂಗಿಗಳ ಕಾಲರು ಉಜ್ಜಿದೆ. ಬೇರೆ ದಿನವಾಗಿದ್ದರೆ ದಿನಚರಿಯಲ್ಲಿ ಇಷ್ಟು ಬರೆದು ಮುಚ್ಚಿಡುತ್ತಿದ್ದೆ. ಇಪ್ಪತ್ತು ವರ್ಷದಿಂದ ಹಾಗೇ ಮುಚ್ಚಿಟ್ಟಿದ್ದೇನೆ. ಇವತ್ತು ಮುಚ್ಚಲು ಮನಸ್ಸು ಬರಲಿಲ್ಲ. ಅದಕ್ಕೇ ಎಲ್ಲರೂ ಓದುವಂತೆ ಪತ್ರಿಕೆಯ ಮೂಲಕ ನಿಮಗೆ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ, ಇಲ್ಲವಾದರೆ ಅಂಗಿ ಹಳೆಯದು ಮಾಡುವುದೆಂದರೇನು ಎಂದು ನೀವು ತಲೆ ಕೆರೆದುಕೊಳ್ಳುತ್ತೀರಿ. ಸಿನಿಮಾದವರ ವಸ್ತ್ರ ವಿಭಾಗದಲ್ಲಿ ನಾನು ಇದ್ದೇನೆ. ಬಡವರ ಪಾತ್ರದವರಿಗೂ ಬಟ್ಟೆ ಅಂಗಡಿಯಿಂದ ಹೊಸದಾಗಿಯೇ ಬರುತ್ತದೆ. ಅದನ್ನು ಚಹಾ ಪುಡಿ ಕುದಿಸಿದ ನೀರಿನಲ್ಲಿ ಅದ್ದಿ, ಮರಳು ಕಾಗದದಿಂದ ಮೊಣಕೈ ಸವೆಸಿ, ಕಾಲರಿಗೆ ಎಣ್ಣೆಮಸಿ ತಿಕ್ಕಿ, ಒಂದು ಗುಂಡಿ ಕಿತ್ತು, ಬಡತನ ತಯಾರಿಸಿ ಕೊಡುವವಳು ನಾನು. ನಿಜವಾದ ಬಡವರು ಗುಂಡಿ ಕಿತ್ತುಹೋದರೆ ಅವತ್ತೇ ಹೊಲಿದುಕೊಳ್ಳುತ್ತಾರೆ ಎಂದು ಒಮ್ಮೆ ಒಬ್ಬ ನಿರ್ದೇಶಕರಿಗೆ ಹೇಳಿದ್ದೆ. "ಅದೆಲ್ಲಾ ತೆರೆ ಮೇಲೆ ಕಾಣಲ್ಲಮ್ಮ" ಅಂದರು. ತೆರೆಯ ಮೇಲೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದೇ ಈ ಪತ್ರದ ವಿಷಯ.

ನನ್ನ ಗಂಡ ಜೂನಿಯರ್ ಆರ್ಟಿಸ್ಟ್ ಆಗಿದ್ದರು. ಅಂದರೆ ನಾಯಕರ ಹಿಂದೆ, ಪಕ್ಕ, ಕಾಲಡಿ ಇರುವವರು. ಐದನೇ ವಯಸ್ಸಿನಲ್ಲಿ ಬಂದ ಸಿಡುಬು ಅವರ ಮುಖದ ತುಂಬ ಗುಳಿ ಬಿಟ್ಟು ಹೋಗಿತ್ತು. ಎಡಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ಮೈ ದೊಡ್ಡದು, ಬಣ್ಣ ಕಪ್ಪು. ಹುಟ್ಟಿ ಬೆಳೆದದ್ದು ಹಳೇ ಚರ್ಮದ ಕಾರ್ಖಾನೆಯ ಹಿಂದಿನ ಓಣಿಯಲ್ಲಿ. ಇಷ್ಟು ಹೇಳಿದ ಕೂಡಲೇ ಅವರಿಗೆ ಯಾವ ಪಾತ್ರ ಸಿಗುತ್ತಿತ್ತು ಎಂದು ನಿಮಗೆ ಗೊತ್ತಾಗಿರಬೇಕು. ಗೊತ್ತಾಯಿತಲ್ಲ? ನಾನು ಹೇಳುವ ಮೊದಲೇ ಹೇಗೆ ಗೊತ್ತಾಯಿತು ಅಧ್ಯಕ್ಷರೇ? ಯಾರು ಹೇಳಿಕೊಟ್ಟರು?

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ಸ್ಟುಡಿಯೋದ ಗೇಟಿನ ಮುಂದೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಎರಡು ಗಾಡಿ ಕಾಯುತ್ತಿರುತ್ತವೆ. ಜನರನ್ನು ಒದಗಿಸುವ ಏಜೆಂಟರು ಕೈಯಲ್ಲಿ ಪೆನ್ನು ಹಿಡಿದು ಒಬ್ಬೊಬ್ಬರ ಮುಖ ನೋಡುತ್ತಾ ಬರುತ್ತಾರೆ. ನಾವೆಲ್ಲ ಅವರನ್ನು ಪೆನ್ನಣ್ಣ ಎನ್ನುತ್ತೇವೆ. ಪೆನ್ನು ಎಡಕ್ಕೆ ತಿರುಗಿದರೆ ಒಂದನೇ ಗಾಡಿ: ಮದುವೆಗೆ ಬಂದ ನೆಂಟರು, ಬ್ಯಾಂಕಿನವರು, ವೈದ್ಯರು. ಬಲಕ್ಕೆ ತಿರುಗಿದರೆ ಎರಡನೇ ಗಾಡಿ: ಕಳ್ಳರು, ಕುಡುಕರು, ಕಲ್ಲು ಹೊಡೆಯುವವರು, ಬೀದಿಯ ಹೆಣಗಳು. ಒಂದನೇ ಗಾಡಿಯವರು ತಮ್ಮ ಒಳ್ಳೆಯ ಬಟ್ಟೆ ತಾವೇ ತರಬೇಕು. ಎರಡನೆಯವರಿಗೆ ನಾನು ಕೊಡುತ್ತೇನೆ. ಹೊಸದಾಗಿ ಬಂದ ಹುಡುಗನೊಬ್ಬ ಒಮ್ಮೆ ತಕರಾರು ತೆಗೆದ. "ಅಣ್ಣಾ, ನಾನು ಡಿಗ್ರಿ ಓದಿದೀನಿ."

"ನೀನು ಓದಿದೀಯ ಮಗಾ, ನಿನ್ನ ಮೂಗು ಓದಿಲ್ವಲ್ಲ" ಅಂದರು ಪೆನ್ನಣ್ಣ. "ಹತ್ತು ಹತ್ತು, ಎರಡನೇದು."

ಎಲ್ಲರೂ ನಕ್ಕರು. ಆ ಹುಡುಗನೂ ನಕ್ಕ. ನಗದೆ ಇನ್ನೇನು ಮಾಡಿಯಾನು? ಪೆನ್ನಣ್ಣ ಕೆಟ್ಟವರಲ್ಲ. ಕೇಳಿದರೆ, "ಅಕ್ಕಾ, ನಾನೇನು ಮಾಡಲಿ, ಜನ ನೋಡಿದ ತಕ್ಷಣ ಕಳ್ಳ ಅಂತ ಗೊತ್ತಾಗಬೇಕು, ಅಷ್ಟೇ ಟೈಮು ಇರೋದು" ಅನ್ನುತ್ತಾರೆ. ಜನರಿಗೆ ಹಾಗೆ ಗೊತ್ತಾಗುವುದು ಸಿನಿಮಾ ನೋಡಿ. ಸಿನಿಮಾದವರು ಹಾಗೆ ತೋರಿಸುವುದು ಜನರಿಗೆ ಗೊತ್ತಾಗಲೆಂದು. ಇದರಲ್ಲಿ ಮೊದಲು ಯಾರು, ನಂತರ ಯಾರು ಎಂದು ನಿಮ್ಮಂಥ ತಿಳಿದವರು ಹೇಳಬೇಕು.

ಇಪ್ಪತ್ತಾರು ವರ್ಷ ನನ್ನ ಗಂಡ ಎರಡನೇ ಗಾಡಿ ಹತ್ತಿದರು. ಅವರ ಅಡ್ಡಹೆಸರೇ ಮೂರನೇ ಕಳ್ಳ. "ಕಳ್ಳರಲ್ಲೂ ನನಗೆ ಬಡ್ತಿ ಇಲ್ಲ ನೋಡೇ" ಎಂದು ಕಾಲು ತೊಳೆಯುತ್ತಾ ಹೇಳುತ್ತಿದ್ದರು. ಆದರೂ ಒಂದು ಬಿಳಿ ತುಂಬುತೋಳಿನ ಅಂಗಿ ಇಸ್ತ್ರಿ ಮಾಡಿಸಿ, ಕಾಗದದಲ್ಲಿ ಸುತ್ತಿ, ಚೀಲದಲ್ಲಿ ದಿನಾ ಒಯ್ಯುತ್ತಿದ್ದರು. ಯಾವತ್ತಾದರೂ ಪೆನ್ನು ಎಡಕ್ಕೆ ತಿರುಗಿದರೆ ಇರಲಿ ಎಂದು. ಒಂದೇ ಒಂದು ಸಲ ತಿರುಗಿತು. ಅವತ್ತು ಪೆನ್ನಣ್ಣನಿಗೆ ಜ್ವರ. ಬದಲಿಗೆ ಬಂದ ಅವರ ಅಳಿಯ ಪದ್ಧತಿ ಗೊತ್ತಿಲ್ಲದೆ, ಮೊದಲು ಬಂದವರನ್ನು ಮೊದಲ ಗಾಡಿಗೆ ಹತ್ತಿಸಿಬಿಟ್ಟ. ಕಳ್ಳರೆಲ್ಲ ಬೆಳಿಗ್ಗೆ ಬೇಗ ಬರುವವರು. ಹೀಗಾಗಿ ಆ ದಿನ ಬ್ಯಾಂಕಿನ ತುಂಬ ಕಳ್ಳರು, ದೊಂಬಿಯ ತುಂಬ ಮದುವೆಯ ನೆಂಟರು. ನನ್ನ ಗಂಡ ಬಿಳಿ ಅಂಗಿ ತೊಟ್ಟು ವ್ಯವಸ್ಥಾಪಕರ ಮೇಜಿನ ಹಿಂದೆ ಕೂತರು. ನಿರ್ದೇಶಕರು ಕ್ಯಾಮೆರಾದಲ್ಲಿ ಕಣ್ಣಿಟ್ಟವರೇ ಕಿರುಚಿದರು, "ದರೋಡೆ ಸೀನು ಇನ್ನೂ ಮುಂದಿದೆಯಲ್ರೀ, ಈಗಲೇ ಯಾಕೆ ಇವನನ್ನ ಒಳಗೆ ಬಿಟ್ಟಿದೀರಿ?" ಮನೆಗೆ ಬಂದು ಅದನ್ನು ನನಗೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದರು. ಆ ರಾತ್ರಿ ಊಟಕ್ಕೆ ಮುಂಚೆ ಅಂಗಿಯನ್ನು ತಾವೇ ಒಗೆದು ಹಾಕಿದರು. ಬೇರೆ ದಿನ ಒಗೆಯುವವಳು ನಾನು.

ಇನ್ನು ನೀವು ಪ್ರಶಸ್ತಿ ಕೊಟ್ಟ ಚಿತ್ರಕ್ಕೆ ಬರುತ್ತೇನೆ. "ರೂಪದಿಂದ, ಹುಟ್ಟಿದ ಓಣಿಯಿಂದ ಮನುಷ್ಯನನ್ನು ಅಳೆಯುವ ಸಮಾಜಕ್ಕೆ ಹಿಡಿದ ಕನ್ನಡಿ" ಎಂದು ನಿಮ್ಮ ಪ್ರಶಸ್ತಿಪತ್ರ ಹೇಳುತ್ತದೆ. ಅದನ್ನು ನಾಲ್ಕು ಸಲ ಓದಿದೆ. ಅಕ್ಷರ ಚೆನ್ನಾಗಿದೆ. ಕಥೆ ಎಲ್ಲರಿಗೂ ಗೊತ್ತು: ಮುಖದ ತುಂಬ ಗುಳಿಗಳಿರುವ ಬಡ ಓಣಿಯ ಮನುಷ್ಯನೊಬ್ಬನ ಮೇಲೆ ಕಳ್ಳತನದ ಆರೋಪ ಬರುತ್ತದೆ. ಎಲ್ಲರೂ ಅವನ ಮುಖ ನೋಡಿಯೇ ನಂಬಿಬಿಡುತ್ತಾರೆ. ಆ ಪಾತ್ರ ಮಾಡಿದ್ದು ಯಾರು? ನಾಡಿನಲ್ಲೇ ಅತಿ ಚೆಲುವ ಎನಿಸಿಕೊಂಡ ನಾಯಕನಟರು. ಗುಳಿ ಇರುವ ಮುಖದವರು ಊರಲ್ಲಿ ಇರಲಿಲ್ಲವೇ? ಇದ್ದರು. ಅದೇ ಸೆಟ್ಟಿನಲ್ಲಿ, ಎರಡನೇ ಗಾಡಿಯಿಂದ ಇಳಿದು, ನಾನು ಕೊಟ್ಟ ಅಂಗಿ ತೊಟ್ಟು ಕೂತಿದ್ದರು.

ಮೇಕಪ್ ಕಲಾವಿದರಿಗೆ ನಿಜವಾದ ಗುಳಿಗಳ ಅಚ್ಚು ಬೇಕಾಗಿತ್ತು. ನನ್ನ ಗಂಡನನ್ನು ಕೇಳಿದರು, ಇವರು ಒಪ್ಪಿದರು. ಮುಖದ ತುಂಬ ಪ್ಲಾಸ್ಟರ್ ಬಳಿದು, ಉಸಿರಾಡಲು ಮೂಗಿಗೆ ಎರಡು ಕೊಳವೆ ಸಿಕ್ಕಿಸಿ, ಅರ್ಧ ಗಂಟೆ ಮಿಸುಕದಂತೆ ಮಲಗಿಸಿದರು. ಕಿವಿಯಲ್ಲಿ ಪ್ಲಾಸ್ಟರ್ ಚೂರು ಉಳಿಸಿಕೊಂಡೇ ಮನೆಗೆ ಬಂದರು. ಅವತ್ತಿನ ನನ್ನ ದಿನಚರಿಯಲ್ಲಿ ಅವರು ಹೇಳಿದ್ದು ಹಾಗೇ ಇದೆ: "ಎಲ್ಲಾ ಚೆನ್ನಾಗೇ ಇತ್ತು ಕಣೇ. ಇನ್ನೇನು ಗಟ್ಟಿಯಾಗಬೇಕು, ಆ ಮೇಕಪ್ಪಿನವನು ಕಿವಿ ಹತ್ರ ಬಂದು, 'ಯಜಮಾನ್ರೇ, ಈಗ ಯಾರಾದ್ರೂ ನನ್ನ ಪರ್ಸು ಕದ್ರೆ, ನಿಮ್ಮ ಜನ್ಮದಲ್ಲಿ ಇದೊಂದು ಸಲ ನಿಮ್ಮ ಮೇಲೆ ಅನುಮಾನ ಬರಲ್ಲ' ಅಂದ. ನಗು ತಡೆಯೋಕೆ ಆಗಲಿಲ್ಲ. ಬಾಯಿ ಒಂದು ಕಡೆ ಓರೆಯಾಗಿಬಿಡ್ತು." ಮತ್ತೊಮ್ಮೆ ಮಾಡಲು ಸಮಯವಿರಲಿಲ್ಲ. ಗುಳಿಗಳು ಸರಿಯಾಗಿ ಬಂದಿದ್ದವಲ್ಲ, ಬಾಯಿ ಯಾರಿಗೆ ಬೇಕು? ಆ ಅಚ್ಚಿನಿಂದ ತೆಗೆದ ಮುಖದ ಮೇಲೆ ನಾಯಕರ ರಬ್ಬರ್ ಚರ್ಮ ತಯಾರಾಯಿತು.

ಚಿತ್ರದ ಕೊನೆ ನಿಮಗೆ ನೆನಪಿದೆಯೇ? ನಾಯಕ ನಿರ್ದೋಷಿ ಎಂದು ಸಾಬೀತಾಗುತ್ತದೆ. ಆಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಗುಳಿಗಳೆಲ್ಲ ಮಾಯವಾಗಿ, ನಾಯಕಿ ಅವರ ಕೆನ್ನೆ ಸವರುತ್ತಾರೆ. ಅಷ್ಟರಲ್ಲಿ ನಿಜವಾದ ಕಳ್ಳ ಸಿಕ್ಕಿಬೀಳುತ್ತಾನೆ. ಮುಖಕ್ಕೆ ಬೆಳಕು ಬಿಡುತ್ತಾರೆ. ಯಾರದು ಆ ಮುಖ? ನನ್ನ ಗಂಡನದು! ಮೇಕಪ್ಪಿಲ್ಲದ ಮುಖ. ಚಿತ್ರಮಂದಿರದಲ್ಲಿ ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು, "ನಾನು ಆಗಲೇ ಹೇಳ್ಲಿಲ್ವಾ, ಇವನೇ ಅಂತ" ಅಂದರು. ಎರಡೂವರೆ ಗಂಟೆ ಮುಖ ನೋಡಿ ಮನುಷ್ಯನನ್ನು ಅಳೆಯಬೇಡಿ ಎಂದು ಪಾಠ ಹೇಳಿದ ಚಿತ್ರ, ಕೊನೆಯ ಎರಡು ನಿಮಿಷದಲ್ಲಿ ಅವರಿಗೆ ಶಹಬ್ಬಾಸ್ ಹೇಳಿ ಕಳಿಸಿತು. ಅಧ್ಯಕ್ಷರೇ, ಆ ಎರಡು ನಿಮಿಷ ನೀವು ಎದ್ದು ಹೊರಗೆ ಹೋಗಿದ್ದಿರಾ? ಸಮಿತಿಯ ಉಳಿದವರೂ ಜೊತೆಗೇ ಬಂದಿದ್ದರಾ?

ಈ ಚಿತ್ರದ ಚಿತ್ರೀಕರಣ ನಮ್ಮ ಓಣಿಯಲ್ಲೂ ನಡೆದಿತ್ತು. ಬಂದವರು ನೋಡಿ ಮುಖ ಸಿಂಡರಿಸಿದರು. ಓಣಿ ಸಾಕಷ್ಟು ಕೊಳಕಾಗಿರಲಿಲ್ಲವಂತೆ. ಎರಡು ಲಾರಿ ಕಸ ತರಿಸಿ ಸುರಿದು, ಹೊಗೆ ಬಿಡುವ ಯಂತ್ರ ಇಟ್ಟರು. ಮೂರು ದಿನದ ಮೇಲೆ ಯಂತ್ರ ಒಯ್ದರು. ಕಸ ನಮಗೇ ಬಿಟ್ಟರು. ನನ್ನ ಗಂಡ ಮತ್ತು ಪಕ್ಕದ ಮನೆಯ ಚಪ್ಪಲಿ ಹೊಲಿಯುವವರು ಸೇರಿ ಒಂದು ಭಾನುವಾರ ಪೂರ್ತಿ ಅದನ್ನು ಎತ್ತಿದರು. ನಿಮ್ಮ ಪ್ರಶಸ್ತಿಪತ್ರದಲ್ಲಿ "ಕೊಳೆಗೇರಿಯ ನೈಜ ಚಿತ್ರಣ" ಎಂಬ ಮಾತಿದೆ. ಆ ನೈಜತೆಯ ವಾಸನೆ ಮಳೆ ಬರುವವರೆಗೂ ಹೋಗಲಿಲ್ಲ.

ಚಿತ್ರ ಬಿಡುಗಡೆಯಾಗುವಷ್ಟರಲ್ಲಿ ಅವರು ಇರಲಿಲ್ಲ. ಬಿಡುಗಡೆಗೆ ನಾಲ್ಕು ತಿಂಗಳು ಮುಂಚೆ, ಬೆಳಿಗ್ಗೆ ಎಂಟು ಗಂಟೆಗೆ, ಕೆಲಸವಿಲ್ಲದ ದಿನ, ಬಸ್ ನಿಲ್ದಾಣದ ಪಕ್ಕ ಎದೆ ಹಿಡಿದುಕೊಂಡು ಬಿದ್ದರು. ಅರ್ಧ ಗಂಟೆ ಹಾಗೇ ಬಿದ್ದಿದ್ದರು. ಜನರಿಲ್ಲದ ಜಾಗವಲ್ಲ. ಎದುರಿನ ಚಹಾ ಅಂಗಡಿಯವರು ಆಮೇಲೆ ನನ್ನ ಮುಂದೆ ಅತ್ತರು. "ಅಮ್ಮಾ, ಕುಡಿದು ಬಿದ್ದಿದಾರೆ ಅಂದ್ಕೊಂಡೆ. ಸಿನಿಮಾದಲ್ಲಿ ಎಷ್ಟೋ ಸಲ ಹಿಂಗೇ ಬಿದ್ದಿರೋದು ನೋಡಿದ್ದೆ. ಮುಖ ನೋಡಿದ ಹಾಗಿದೆಯಲ್ಲಾ ಅಂತಾನೂ ಅನ್ನಿಸ್ತು."

ನನ್ನ ಗಂಡ ಜೀವನದಲ್ಲಿ ಒಂದು ಹನಿ ಕುಡಿದವರಲ್ಲ. ತೆರೆಯ ಮೇಲೆ ಕುಡಿದು ಬಿದ್ದದ್ದು ಹನ್ನೊಂದು ಸಲ. ಎಲ್ಲವೂ ನನ್ನ ದಿನಚರಿಯಲ್ಲಿವೆ. ಚಹಾ ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕಲಿತ ಪಾಠ ಒಪ್ಪಿಸಿದರು, ಅಷ್ಟೇ. ಬೇಗ ಎತ್ತಿದ್ದರೆ ಉಳಿಯುತ್ತಿದ್ದರೇನೋ ಎಂದು ವೈದ್ಯರು ಹೇಳಿದರು. ಉಳಿಯುತ್ತಿದ್ದರು ಎಂದು ಹೇಳಲಿಲ್ಲ. ಆ "ಏನೋ" ಎಂಬುದರ ಜೊತೆ ನಾನು ಬದುಕುತ್ತಿದ್ದೇನೆ.

ಬೇರೆಯವರನ್ನು ಇಷ್ಟು ಕೇಳಿದ ಮೇಲೆ ನನ್ನದನ್ನು ಮುಚ್ಚಿಡುವುದು ಸರಿಯಲ್ಲ. ಮನೆ ಬಾಡಿಗೆಗೆ ಹುಡುಕಲು ಹೋದಾಗ ನಾನು ಒಬ್ಬಳೇ ಹೋಗಿ ಮಾತಾಡುತ್ತಿದ್ದೆ. ಅವರೇ ಹಾಗೆ ಹೇಳುತ್ತಿದ್ದರು. "ನೀನು ಮಾತಾಡ್ಕೊಂಡು ಬಾ, ನಾನಿಲ್ಲೇ ಮೂಲೇಲಿ ನಿಂತಿರ್ತೀನಿ." ಐದು ಮನೆ, ಐದು ಮೂಲೆ. ಐದನೇ ಮನೆಗೆ ಸಾಮಾನು ಇಳಿಸುವ ದಿನ ಮನೆಯೊಡತಿ ಬಾಗಿಲಿಗೆ ಬಂದು ಅವರನ್ನು ಮೇಲಿಂದ ಕೆಳಗೆ ನೋಡಿ, "ಇವನು ಸಾಮಾನು ಹೊರೋನಾ?" ಎಂದು ನನ್ನನ್ನು ಕೇಳಿದರು. ನಾನು "ಹೌದು" ಅಂದೆ. ನನ್ನ ಗಂಡನಿಗೆ ಕೇಳಿಸಿತು. ಕಬ್ಬಿಣದ ಪೆಟ್ಟಿಗೆ ತಲೆ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಒಳಗೆ ಬಂದರು. ಬಾಗಿಲು ಹಾಕಿದ ಮೇಲೆ, "ಎಲ್ಲಿಡಬೇಕಮ್ಮಾ ಪೆಟ್ಟಿಗೆ?" ಎಂದು ಕೂಲಿಯವರ ದನಿಯಲ್ಲಿ ಕೇಳಿ ನಗಿಸಲು ನೋಡಿದರು. ನಾನು ನಗಲಿಲ್ಲ. ಮಾರನೇ ದಿನ ಮನೆಯೊಡತಿಗೆ ನಿಜ ಹೇಳಿದೆ, ಆಕೆ ನಾಚಿಕೊಂಡರು, ಎಂಟು ವರ್ಷ ಅಲ್ಲೇ ಇದ್ದೆವು. ಆದರೆ ಆ ದಿನದ ನನ್ನ ದಿನಚರಿಯಲ್ಲಿ ಎರಡೇ ಪದ ಇವೆ: "ಮನೆ ಸಿಕ್ಕಿತು." ಅವರ ಜೊತೆ ಉಂಡು, ಅವರ ಜೊತೆ ಮಲಗಿದ ನನಗೇ ನಾಲಿಗೆಯ ತುದಿಯಲ್ಲಿ ಅಷ್ಟು ಸಲೀಸಾಗಿ ಆ "ಹೌದು" ಬಂದಿತ್ತು. ಇನ್ನು ಟಿಕೆಟ್ ಕೊಂಡು ಕೂತವರ ಗತಿಯೇನು?

ಈಗ ಇವತ್ತಿನ ಮಧ್ಯಾಹ್ನದ ಮಾತು. ಗಾಜಿನ ಪೆಟ್ಟಿಗೆಯ ಕೆಳಗೆ ನೀವು ಹಾಕಿಸಿರುವ ಫಲಕದಲ್ಲಿ "ನಾಯಕನಟರ ಪರಿವರ್ತನೆ: ದಿನಕ್ಕೆ ಮೂರು ಗಂಟೆಗಳ ತಪಸ್ಸು" ಎಂದಿದೆ. ಮೇಲೆ ನನ್ನ ಗಂಡನ ಪ್ಲಾಸ್ಟರ್ ಮುಖ. ಪ್ರದರ್ಶನ ನೋಡಿಕೊಳ್ಳುವ ಅಧಿಕಾರಿ, ನನ್ನ ಮಗಳಾಗುವ ವಯಸ್ಸಿನವರು, ತಾಳ್ಮೆಯಿಂದಲೇ ಮಾತಾಡಿದರು.

"ಅಮ್ಮಾ, ಅದು ನಾಯಕರದ್ದು. ಬೋರ್ಡ್ ಓದಿ."

"ಓದಿದೆ ತಾಯಿ. ನಾಯಕರ ಮುಖದಲ್ಲಿ ಹೀಗೆ ಗುಳಿಗಳಿವೆಯಾ?"

"ಅದು ಮೇಕಪ್ ಅಮ್ಮಾ! ಅದಕ್ಕೇ ಅಲ್ವಾ ಪ್ರಶಸ್ತಿ ಬಂದಿರೋದು."

ಅವರ ಜಾಗದಲ್ಲಿ ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಪ್ರೂಫ್ ಏನಾದರೂ ಇದೆಯಾ ಎಂದು ಕೇಳಿದರು. ಚೀಲದಿಂದ ಅವರ ಫೋಟೋ ತೆಗೆದು ಕೊಟ್ಟೆ. ನನ್ನ ಹತ್ತಿರ ಇರುವುದು ಅದೊಂದೇ ಬಗೆಯದು: ಏಜೆಂಟರ ಆಲ್ಬಮ್ಮಿಗೆ ತೆಗೆಸಿದ್ದು. ಎದುರಿನಿಂದ, ಎಡದಿಂದ, ಬಲದಿಂದ, ಎದೆಯ ಮುಂದೆ ಸಂಖ್ಯೆ ಬರೆದ ಸ್ಲೇಟು. ಎರಡನೇ ಗಾಡಿಯವರು ಆ ಫೋಟೋದಲ್ಲಿ ನಗುವಂತಿಲ್ಲ. ಮನೆಯಲ್ಲಿ ಫೋಟೋ ತೆಗೆಯೋಣ ಎಂದರೆ, "ಮುಖ ತೋರಿಸಿ ಸಾಕಾಗಿದೆ, ಮನೇಲಾದ್ರೂ ಬಿಡೇ" ಎಂದು ತಿರುಗಿ ಕೂರುತ್ತಿದ್ದರು. ಅಧಿಕಾರಿ ಫೋಟೋ ನೋಡಿದರು, ನನ್ನನ್ನು ನೋಡಿದರು, ದನಿ ತಗ್ಗಿಸಿ ಕೇಳಿದರು.

"ಇವರು... ಯಾವ ಕೇಸಲ್ಲಿ ಒಳಗಿದ್ರು?"

ಅಷ್ಟರಲ್ಲಿ ಕಾವಲುಗಾರರು ಇಣುಕಿದರು. "ಅರೆ, ಆ ಪಿಕ್ಚರ್ ಕೊನೇಲಿ ಸಿಕ್ಕಿಬೀಳೋ ಕಳ್ಳ ಅಲ್ವಾ ಇವನು! ಏನ್ ಕಳ್ಳ ಅಂತೀರಿ ಮೇಡಂ. ನೋಡಿದ್ರೇ ಗೊತ್ತಾಗುತ್ತೆ."

ಅಲ್ಲಿಂದ ಮುಂದೆ ಕಾವಲುಗಾರರು ನನ್ನ ಹಿಂದೆಯೇ ಎರಡು ಹೆಜ್ಜೆ ಬಿಟ್ಟು ನಡೆದರು. ಹೊರಡುವಾಗ ನನ್ನ ಚೀಲ ಮಾತ್ರ ತೆರೆಸಿ ನೋಡಿದರು. ಒಳಗೆ ಆ ಫೋಟೋ, ಊಟದ ಡಬ್ಬಿ, ಒಂದು ಚಮಚ, ಮರಳು ಕಾಗದ ಇದ್ದವು. "ಇದ್ಯಾಕಮ್ಮಾ ಮರಳು ಕಾಗದ?" ಎಂದು ಕೇಳಿದರು. "ಬಡವರನ್ನ ಮಾಡೋಕಪ್ಪ" ಅಂದೆ. ಅವರಿಗೆ ಅರ್ಥವಾಗಲಿಲ್ಲ. ರೂಪ ನೋಡಿ ಅಳೆಯಬಾರದೆಂಬ ಚಿತ್ರದ ಪ್ರದರ್ಶನದಲ್ಲಿ, ಆ ಚಿತ್ರದ ಭಿತ್ತಿಪತ್ರದ ಕೆಳಗೇ, ಇದು ನಡೆಯಿತು. ನೀವು ಹಿಡಿದ ಕನ್ನಡಿ ಎಷ್ಟು ಸ್ಪಷ್ಟವಾಗಿದೆ ನೋಡಿ.

ಅರ್ಜಿ ಕೊಟ್ಟರೆ ಅರವತ್ತು ದಿನದಲ್ಲಿ ಪರಿಶೀಲಿಸುತ್ತಾರಂತೆ. ಬರುವ ಭಾನುವಾರ ಸಮಾರೋಪದಲ್ಲಿ ಆ ಮುಖವನ್ನು ನಾಯಕನಟರಿಗೆ ನೆನಪಿನ ಕಾಣಿಕೆಯಾಗಿ ಕೊಡುತ್ತಾರಂತೆ. ಮೇಕಪ್ ಕಲಾವಿದರಿಗೆ ಫೋನು ಮಾಡಿ ಸಾಕ್ಷಿ ಹೇಳುತ್ತೀರಾ ಎಂದು ಕೇಳಿದೆ. "ಅಕ್ಕಾ, ನಿಮ್ಮ ಮೇಲಾಣೆ ಅದು ಯಜಮಾನ್ರದ್ದೇ. ಆದ್ರೆ ನಾನು ಬಾಯಿ ಬಿಟ್ರೆ ನಾಳೆಯಿಂದ ನನಗೂ ಎರಡನೇ ಗಾಡೀನೇ" ಅಂದರು. ಹಾಗಾಗಿ ಅವರನ್ನು ಬಿಟ್ಟುಬಿಡಿ. ಸಾಕ್ಷಿ ಪೆಟ್ಟಿಗೆಯೊಳಗೇ ಇದೆ. ಆ ಚಿತ್ರದಲ್ಲಿ ಗುಳಿಮುಖದ ನಾಯಕರು ಆರಂಭದಿಂದ ಕೊನೆಯವರೆಗೆ ಒಂದು ಸಲವೂ ನಗುವುದಿಲ್ಲ. ಅದನ್ನೂ ನಿಮ್ಮ ಪ್ರಶಸ್ತಿಪತ್ರ ಹೊಗಳಿದೆ. ಹಾಗಿದ್ದರೆ ಬಾಯಿ ಒಂದು ಕಡೆ ಓರೆ ಮಾಡಿ ನಗು ತಡೆದುಕೊಳ್ಳುತ್ತಾ ಅಲ್ಲಿ ಮಲಗಿರುವವರು ಯಾರು ಅಧ್ಯಕ್ಷರೇ? ನೀವೇ ಎರಡನೇ ಮಹಡಿಗೆ ಹತ್ತಿ ಹೋಗಿ ನೋಡಿ.

ಪ್ರಶಸ್ತಿ ಹಿಂದಕ್ಕೆ ತೆಗೆದುಕೊಳ್ಳಿ ಎಂದು ನಾನು ಕೇಳುವುದಿಲ್ಲ. ನಾಯಕರ ಶ್ರಮ ಸುಳ್ಳೆಂದೂ ಹೇಳುವುದಿಲ್ಲ; ಮೂರು ಗಂಟೆ ಕೂರುವುದು ಕಷ್ಟವೇ. ಸಂಜೆ ಅವರು ಅದನ್ನು ಬಿಚ್ಚಿಟ್ಟು ಮನೆಗೆ ಹೋಗುತ್ತಿದ್ದರು, ನನ್ನವರು ಅದನ್ನೇ ಹೊತ್ತುಕೊಂಡು ಬಸ್ ನಿಲ್ದಾಣಕ್ಕೆ ಹೋದರು, ಅಷ್ಟೇ ವ್ಯತ್ಯಾಸ. ನಾನು ಕೇಳುವುದು ಒಂದೇ. ಭಾನುವಾರದೊಳಗೆ ಆ ಮುಖ ನನಗೆ ಕೊಡಿ. ನೆನಪಿನ ಕಾಣಿಕೆ ಎಂದರೆ ಯಾರಿಗೆ ನೆನಪಿದೆಯೋ ಅವರಿಗೆ ಸೇರಬೇಕಾದ್ದು. ಅವರು ನಗುತ್ತಿರುವುದು ಈ ಲೋಕದಲ್ಲಿ ಅದೊಂದರಲ್ಲೇ ಇದೆ. ಅವತ್ತು ಬಾಗಿಲು ಹಾಕಿದ ಮೇಲೆ ಅವರು ನಗಿಸಲು ನೋಡಿದಾಗ ನಾನು ನಗಲಿಲ್ಲ ಎಂದೆನಲ್ಲ. ಆ ಮುಖವನ್ನು ಮನೆಯಲ್ಲಿ ಎದುರಿಗಿಟ್ಟುಕೊಂಡು ಕೂರುವ ಕೆಲಸ ನನಗೆ ಬಾಕಿ ಇದೆ.

ಅವರ ಬಿಳಿ ಅಂಗಿ ಇಸ್ತ್ರಿ ಮಾಡಿ ಚೀಲದಲ್ಲಿಟ್ಟಿದ್ದೇನೆ, ಆ ಮುಖವನ್ನು ಅದರಲ್ಲಿ ಸುತ್ತಿಕೊಂಡು ಬರಲು. ಅದನ್ನು ನಾನು ಹಳೆಯದು ಮಾಡಿಲ್ಲ. ಕಾವಲುಗಾರರಿಗೆ ಮೊದಲೇ ಹೇಳಿಡಿ, ಚೀಲದಲ್ಲಿ ಮರಳು ಕಾಗದವೂ ಇರುತ್ತದೆ. ನಾಳೆ ನಮಗೆ ಊಟದ ಬಿಡುವು ಒಂದು ಗಂಟೆಯಿಂದ ಒಂದೂ ಮುಕ್ಕಾಲರವರೆಗೆ. ನಿಮ್ಮ ಕಚೇರಿಗೆ ನಡೆದು ಬರಲು ಹನ್ನೆರಡು ನಿಮಿಷ ಬೇಕು.

ಇಂತಿ,
ಎರಡನೇ ಗಾಡಿಗೆ ಬಟ್ಟೆ ಒದಗಿಸುವವಳು,
ಮೂರನೇ ಕಳ್ಳನ ಹೆಂಡತಿ